ಕೀಲಿಮಣೆಯ ಮುಂದೆ ಮೇಷ್ಟರು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ತಾವೂ ಅಧ್ಯಾಪಕರು, ನನ್ನ ಇತಿಹಾಸದ ಟಿಪ್ಪಣಿಗಳನ್ನು ಕೇಳಿದರು. ಕಳುಹಿಸಿದೆ. ಅವರ ಮೊಬೈಲಿನಲ್ಲಿ ಕನ್ನಡ ಕಾಣಲೇ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಒಂದು ರಾಶಿ ಕಂಡಿತಂತೆ. ಆ ರಾಶಿಯ ಹಿಂದೆ ಒಂದು ಚರಿತ್ರೆಯಿದೆ. ನಿಮ್ಮಲ್ಲಿ ಕೆಲವರಿಗೂ ಅದರಲ್ಲಿ ಪಾಲಿದೆ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ಪ್ರಶ್ನೆಪತ್ರಿಕೆಯೆಂದರೆ ಸ್ಟೆನ್ಸಿಲ್ ಹಾಳೆ, ಮೊನಚು ಕಡ್ಡಿ, ಸೈಕ್ಲೋಸ್ಟೈಲ್ ಯಂತ್ರ ಮತ್ತು ಅಂಗೈತುಂಬ ಮಸಿ. ಕೇಂದ್ರ ಸರ್ಕಾರವು 1984ರಲ್ಲೇ 'ಕ್ಲಾಸ್' ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಯಂತ್ರಗಳನ್ನು ಕೊಡಲಾರಂಭಿಸಿತ್ತು. ನಮ್ಮ ಹಳ್ಳಿಯ ಶಾಲೆಗೆ ಅದರ ಸುದ್ದಿಯೂ ತಲುಪಲಿಲ್ಲ.

ಕನ್ನಡಕ್ಕೆ ಈ ಯಂತ್ರದಲ್ಲಿ ಸುಗಮವಾದ ದಾರಿ ಮಾಡಿಕೊಟ್ಟವರು ಕಿನ್ನಿಕಂಬಳದ ಕೆ.ಪಿ. ರಾಯರು. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಬೇಕಿತ್ತು. ರಾಯರಾದರೋ ಧ್ವನಿಯನ್ನೇ ಆಧಾರವಾಗಿಟ್ಟುಕೊಂಡು, ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ನಮ್ಮ ವರ್ಣಮಾಲೆಯನ್ನು ಹೊಂದಿಸಿದರು. ವ್ಯಂಜನದ ನಂತರ ಸ್ವರವನ್ನು ಒತ್ತಿದರೆ ಗುಣಿತಾಕ್ಷರ. ಎರಡು ವ್ಯಂಜನಗಳ ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ಮಕ್ಕಳಿಗೆ ನಾವು ಕಾಗುಣಿತ ಕಲಿಸುವ ಕ್ರಮವೂ ಇದೇ ಅಲ್ಲವೇ! ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಈ ವಿನ್ಯಾಸವನ್ನೇ ಅನುಸರಿಸಿತು. ಶೇಷಾದ್ರಿವಾಸು ಅವರ 'ಬರಹ' ಅದಕ್ಕೂ ಮೊದಲು, 1998ರಲ್ಲಿ ಬಂದಿತ್ತು.

ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರದ 'ಮಾಹಿತಿ ಸಿಂಧು' ಯೋಜನೆಯಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ನಮ್ಮಲ್ಲಿ ಮಕ್ಕಳಿಗೆ ಕಲಿಸಲು ಹೊರಗಿನಿಂದ ಒಬ್ಬ ತರುಣ ಬರುತ್ತಿದ್ದ. ಮೇಷ್ಟರಿಗೆ ಕಲಿಸಬೇಕೆಂದು ಯಾರಿಗೂ ತೋಚಲಿಲ್ಲ. ನನ್ನ ಪಾಲಿಗೆ ಬಂದದ್ದು ಕೊಠಡಿಯ ಬೀಗದ ಕೈ. ಪಾದರಕ್ಷೆಗಳನ್ನು ಹೊರಗೆ ಬಿಡಿಸುವುದು, ಧೂಳು ಒರೆಸುವುದು, ಹೊದಿಕೆ ಹೊದಿಸುವುದು, ಇಷ್ಟೇ ನನ್ನ ಗಣಕ ಜ್ಞಾನ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಪ್ಪಣೆಯಿಲ್ಲದೆ ಕೀಲಿಗಳನ್ನು ಒತ್ತುತ್ತಿದ್ದುದನ್ನು ಕಂಡು, ಗದರಿಸಿ ಹೊರಗೆ ಕಳುಹಿಸಿದೆ. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದೆ.

ಮರುವರ್ಷ ಪ್ರಶ್ನೆಪತ್ರಿಕೆಯನ್ನು 'ನುಡಿ'ಯಲ್ಲೇ ಸಿದ್ಧಪಡಿಸಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದರು. ಸಂಜೆ ಒಬ್ಬನೇ ಕುಳಿತೆ. 'ಕನ್ನಡ' ಎಂದು ಬರೆಯಲು ಹೊರಟರೆ 'ಡ'ಕಾರ ಸಿಗದು. 'ಡಿ' ಒತ್ತಿದರೆ 'ದ', ಶಿಫ್ಟ್ ಹಿಡಿದು ಒತ್ತಿದರೆ 'ಧ'. ಅರ್ಧ ಗಂಟೆ ಕಳೆದಿರಬೇಕು. ಬಾಗಿಲಿನಿಂದ ಮೆಲ್ಲಗೆ ದನಿ ಬಂತು: "ಸಾರ್, ಡಬ್ಲ್ಯು ಒತ್ತಿ."

ಅದೇ ಹುಡುಗ. ಹೊಸ್ತಿಲಿನಾಚೆಯೇ ನಿಂತಿದ್ದ. ಒಳಗೆ ಬಾ ಎಂದೆ. ಆ ವಾರ ನಾನು ಕಲಿತದ್ದೆಲ್ಲ ಅವನಿಂದಲೇ. ಆದರೆ ಹಿಂದಿನ ವರ್ಷದ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 'ವಿದ್ಯಾಗಮ'ದಲ್ಲಿ ಜಗಲಿ, ಮರದ ನೆರಳುಗಳಿಗೆ ಹೋಗಿ ಕಲಿಸಿದೆವು. ನಿವೃತ್ತಿಗೆ ಹತ್ತಿರವಾಗಿದ್ದ ನಾನು ಟಿಪ್ಪಣಿಗಳನ್ನು ಮೊಬೈಲಿಗೆ ಕಳುಹಿಸಿ ಬೀಗಿದ್ದೆ. ಅವೂ ಇದೇ ರಾಶಿಯಾಗಿ ಕಂಡವು! ಹಳೆಯ 'ನುಡಿ'ಯು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿತ್ತು. ಆ ಫಾಂಟ್ ಇಲ್ಲದ ಕಡೆ ಕನ್ನಡವೇ ಇಲ್ಲ. ಯೂನಿಕೋಡಿನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಇದನ್ನು ನನಗೆ ತಿಳಿಸಿದವಳು ಹತ್ತನೆಯ ತರಗತಿಯ ಹುಡುಗಿ. ಈ ಬಾರಿ ಕೇಳಲು ಸಂಕೋಚವಾಗಲಿಲ್ಲ.

ಈಗ ಆ ಹಳೆಯ ಪಾಠಗಳನ್ನು ಒಂದೊಂದಾಗಿ ಯೂನಿಕೋಡಿಗೆ ತರುತ್ತಿದ್ದೇನೆ. ವಿಜಯನಗರದವರೆಗೆ ಆಗಿದೆ. ಅಂದು ಹೊಸ್ತಿಲಾಚೆ ನಿಂತಿದ್ದವನೇ, ನೀನು ಇದನ್ನು ಓದುತ್ತಿದ್ದರೆ, ಅಂದು ನಿನ್ನನ್ನು ಹೊರಗೆ ಕಳುಹಿಸಿದ್ದು ನನ್ನ ತಪ್ಪಪ್ಪಾ. ಒಮ್ಮೆ ಮನೆಗೆ ಬಾ.