ರೌಸರ ಕೋಳಿ

1909ರಲ್ಲಿ ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸಂಸ್ಥೆಗೆ, ಎದೆಯಲ್ಲಿ ಗಂತಿಯೆದ್ದಿದ್ದ ಪ್ಲಿಮತ್ ರಾಕ್ ಜಾತಿಯ ಹೇಂಟೆಯೊಂದು ಬಂದಿತು. ಅದನ್ನು ಪರೀಕ್ಷಿಸಿದವರು ಪೇಟನ್ ರೌಸ್ ಎಂಬ ತರುಣ ವೈದ್ಯರು. ಅವರು ಆ ಗಂತಿಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ನುಸುಳಲಾರದ ಶೋಧಕದಲ್ಲಿ ಸೋಸಿ, ದೊರೆತ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಅದೇ ಗಂತಿ ತಲೆದೋರಿತು. ಕಾರಣ ವೈರಸ್ಸು. 1911ರಲ್ಲಿ ಈ ಸಂಗತಿ ಪ್ರಕಟವಾದಾಗ, ಕೋಳಿಯ ರೋಗಕ್ಕೂ ಮನುಷ್ಯನ ಅರ್ಬುದಕ್ಕೂ ಏನು ಸಂಬಂಧವೆಂದು ವಿದ್ವಾಂಸರು ಉಪೇಕ್ಷಿಸಿದರು. ರೌಸರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1966ರಲ್ಲಿ. ಆಗ ಅವರಿಗೆ 87 ವರ್ಷ.

ಕಥೆ ಇಲ್ಲಿಗೇ ನಿಂತಿದ್ದರೆ ಅರ್ಬುದವು ಹೊರಗಿನಿಂದ ಬಂದು ಅಂಟುವ ರೋಗವೆಂದೇ ತೋರುತ್ತಿತ್ತು. ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವ ಮನೆಗಳು ನಮ್ಮಲ್ಲಿ ಈಗಲೂ ಇರುವುದರಿಂದ, ಮುಂದಿನದನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಆ ವೈರಸ್ಸಿನ ವಂಶವಾಹಿಗಳಲ್ಲಿ ಒಂದೇ ಒಂದು ಮಾತ್ರ ಗಂತಿಗೆ ಕಾರಣವೆಂದು 1970ರ ಸುಮಾರಿಗೆ ತಿಳಿದುಬಂದಿತು. ಅದಕ್ಕೆ 'ಸಾರ್ಕ್' ಎಂದು ಹೆಸರು. ವಿಚಿತ್ರವೆಂದರೆ, ತನ್ನ ಸಂತತಿಯನ್ನು ಬೆಳೆಸಿಕೊಳ್ಳಲು ವೈರಸ್ಸಿಗೆ ಅದು ಬೇಕಾಗಿಯೇ ಇರಲಿಲ್ಲ. ಬೇಡದ ಸಾಮಾನು ಅದರ ಗಂಟಿಗೆ ಹೇಗೆ ಬಂದಿತು? 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್, ಡೊಮಿನಿಕ್ ಸ್ಟೆಹೆಲಿನ್ ಮೊದಲಾದವರು ಉತ್ತರವನ್ನು ಕಂಡುಹಿಡಿದರು. ರೋಗವೇ ಇಲ್ಲದ ಕೋಳಿಯಲ್ಲಿಯೂ ಬಾತುವಿನಲ್ಲಿಯೂ, ಕೊನೆಗೆ ಹಾರಲಾರದ ಎಮು ಪಕ್ಷಿಯಲ್ಲಿಯೂ ಹೆಚ್ಚುಕಡಿಮೆ ಅದೇ ವಂಶವಾಹಿ ಇತ್ತು! ವೈರಸ್ಸು ಅದನ್ನು ಎಂದೋ ಕೋಳಿಯಿಂದಲೇ ಕದ್ದಿತ್ತು. ಮನುಷ್ಯನಲ್ಲಿಯೂ ಅದು ಉಂಟು. ಬೆಳೆದು ಇಬ್ಭಾಗವಾಗೆಂಬ ಆಜ್ಞೆಯನ್ನು ಕೋಶದೊಳಗೆ ಸಾಗಿಸುವುದು ಅದರ ಸಹಜವಾದ ಕೆಲಸ; ಕದ್ದ ಪ್ರತಿಯಲ್ಲಿಯಾದರೋ ಆಜ್ಞೆಗೆ ನಿಲುಗಡೆಯೇ ಇಲ್ಲ. 1982ರಲ್ಲಿ ಮನುಷ್ಯನ ಮೂತ್ರಕೋಶದ ಅರ್ಬುದವೊಂದರಲ್ಲಿ, 'ರಾಸ್' ಎಂಬ ಇಂತಹುದೇ ವಂಶವಾಹಿಯ ಒಂದೇ ಒಂದು ಅಕ್ಷರ ಪಲ್ಲಟವಾಗಿರುವುದು ಕಂಡಿತು. ಅಲ್ಲಿ ವೈರಸ್ಸಿನ ಸುಳಿವೇ ಇರಲಿಲ್ಲ. ಗರ್ಭಕೊರಳಿನ ಅರ್ಬುದದಂತಹ ಕೆಲವಕ್ಕೆ ವೈರಸ್ಸು ಕಾರಣವಾಗುವುದುಂಟು, ನಿಜ. ಆದರೂ ರೋಗಿಯ ಪಂಕ್ತಿಯಲ್ಲಿ ಉಂಡ ಮಾತ್ರಕ್ಕೆ ಅರ್ಬುದ ಅಂಟುವುದಿಲ್ಲ.

ವಂಶವಾಹಿಗಳ ವಿಕಾರವೇ ಅರ್ಬುದದ ಮೂಲವೆಂಬ ವಾದವನ್ನು ರೌಸರು ತಮ್ಮ ನೊಬೆಲ್ ಭಾಷಣದಲ್ಲಿಯೇ ತಳ್ಳಿಹಾಕಿದ್ದರು. 1970ರಲ್ಲಿ ತೀರಿಕೊಂಡ ಅವರು, ತಮ್ಮ ಕೋಳಿಯೇ ಆ ವಾದಕ್ಕೆ ಸಾಕ್ಷಿ ನುಡಿದುದನ್ನು ಕೇಳಲಿಲ್ಲ.

ಓಡಿಸುವುದೊಂದಿದ್ದರೆ ತಡೆಯುವುದೂ ಒಂದಿರಬೇಕಷ್ಟೆ. 1969ರಲ್ಲಿ ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸರು ಅರ್ಬುದದ ಕೋಶಕ್ಕೆ ನಿರೋಗಿಯಾದ ಕೋಶವನ್ನು ಬೆಸೆದಾಗ ಅದರ ಉಗ್ರತೆ ಅಡಗಿತು. ಆದರೆ ನನಗೆ ಈ ಇತಿಹಾಸದಲ್ಲೆಲ್ಲ ಅತ್ಯಂತ ಸುಂದರವಾಗಿ ತೋರುವುದು 1971ರಲ್ಲಿ ಆಲ್ಫ್ರೆಡ್ ನುಡ್ಸನ್ನರು ಹಾಕಿದ ಲೆಕ್ಕ. ಅವರು ಪರಿಶೀಲಿಸಿದ್ದು ಎಳೆಯ ಮಕ್ಕಳ ಕಣ್ಣಿಗೆ ಬರುವ ರೆಟಿನೊಬ್ಲಾಸ್ಟೋಮ ಎಂಬ ಅರ್ಬುದವನ್ನು. ಹ್ಯೂಸ್ಟನ್ ನಗರದ ಆಸ್ಪತ್ರೆಯ 48 ಮಕ್ಕಳ ದಾಖಲೆಗಳು, ರೋಗ ಕಂಡಾಗಿನ ವಯಸ್ಸು, ಕಣ್ಣು ಒಂದೋ ಎರಡೋ—ಇಷ್ಟೇ ಅವರ ಸಾಮಗ್ರಿ, ಉಳಿದುದೆಲ್ಲ ಗಣಿತ. ಎರಡು ಕಣ್ಣಿಗೂ ಬಂದ ಮಕ್ಕಳಲ್ಲಿ ರೋಗ ಬೇಗನೆ ಕಾಣಿಸಿಕೊಂಡಿತ್ತು. ಒಂದೇ ಕಣ್ಣಿನವರಲ್ಲಿ ತಡವಾಗಿ. ತಡೆಯುವ ವಂಶವಾಹಿಗೆ ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿಗಳು. ಎರಡೂ ಕೆಟ್ಟರೆ ಮಾತ್ರ ರೋಗ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದ ಮಗುವಿಗೆ ಇನ್ನೊಂದೇ ಪೆಟ್ಟು ಸಾಕು. ಉಳಿದವರಲ್ಲಿ ಒಂದೇ ಕೋಶಕ್ಕೆ ಎರಡು ಪೆಟ್ಟುಗಳು ಬೀಳಬೇಕು.

ಆ ವಂಶವಾಹಿ 1986ರಲ್ಲಿ 13ನೆಯ ವರ್ಣತಂತುವಿನಿಂದ ಕೈಸೇರಿತು. ಕೋಶವು ಇಬ್ಭಾಗವಾಗಲು ತನ್ನ ಡಿ.ಎನ್.ಎ.ಯನ್ನು ಪ್ರತಿಮಾಡತೊಡಗುವ ಮುನ್ನ ಬಾಗಿಲಲ್ಲಿ ತಡೆಯುವುದು ಅದರ ಕೆಲಸ. ಮನುಷ್ಯನ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವ 'ಪಿ53' ಕೂಡ ಇದೇ ವರ್ಗದ್ದು. 1979ರಲ್ಲಿ ಪತ್ತೆಯಾದ ಅದನ್ನು 1989ರವರೆಗೆ ಓಡಿಸುವ ಗುಂಪಿಗೇ ಸೇರಿಸಿದ್ದರು.

ಈಗ ಒಂದು ಮಗುವಿಗೆ ಈ ಕಣ್ಣಿನ ರೋಗ ಬಂದರೆ, ವಂಶವಾಹಿಯನ್ನು ಪರೀಕ್ಷಿಸಿ, ಅದರ ತಮ್ಮ ತಂಗಿಯರಲ್ಲಿ ಯಾರ ಕಣ್ಣನ್ನು ಹುಟ್ಟಿದಂದಿನಿಂದ ನೋಡುತ್ತಿರಬೇಕೆಂದು ವೈದ್ಯರು ಹೇಳಬಲ್ಲರು. ರೋಗದ ಮೊದಲ ಗುರುತು ಬಹುಪಾಲು ಮನೆಯವರ ಕಣ್ಣಿಗೇ ಬೀಳುತ್ತದೆ: ಬೆಳಕು ಬಿದ್ದಾಗ ಮಗುವಿನ ಕಣ್ಣಪಾಪೆಯಲ್ಲಿ ಬೆಳ್ಳಗಿನ ಹೊಳಪು.