ನಮ್ಮೂರಿಗೆ ಬಂದ ಫೈಬರ್: ಕಂಬದಿಂದ ಮನೆಯೊಳಗಿನವರೆಗೆ ತಿಳಿದಿರಬೇಕಾದದ್ದು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಒಳರಸ್ತೆಗಳಲ್ಲಿ ತಲೆ ಎತ್ತಿ ನೋಡಿದರೆ ಕರೆಂಟ್ ತಂತಿಯ ಕೆಳಗೆ ಮೂರ್ನಾಲ್ಕು ಕಪ್ಪು ಕೇಬಲ್ ಕಾಣ್ತದೆ. ಒಂದು ಕೇರಳ ಸರ್ಕಾರದ ಕೆ-ಫೋನ್, ಇನ್ನೊಂದು ಬಿಎಸ್ಎನ್ಎಲ್, ಮತ್ತೊಂದು ಖಾಸಗಿ ಕಂಪನಿಯದ್ದು, ಉಳಿದದ್ದು ಹಳೇ ಕೇಬಲ್ ಟಿವಿಯದ್ದು ಇರಬಹುದು. ಕನೆಕ್ಷನ್ ಮಾರಲು ಬರುವ ಹುಡುಗರು ಎಲ್ಲದಕ್ಕೂ "ಫೈಬರ್" ಅಂತಲೇ ಹೇಳುವುದು. ಆದರೆ ಕಂಬದವರೆಗೆ ಫೈಬರ್ ಬಂದಿದೆ ಅಂದರೆ ಮನೆಯೊಳಗೆ ಬರುವುದೂ ಫೈಬರೇ ಆಗಿರಬೇಕು ಅಂತಿಲ್ಲ. ಈ ವ್ಯತ್ಯಾಸ ನನಗೆ ಗೊತ್ತಾದದ್ದು ದುಡ್ಡು ಕಳೆದುಕೊಂಡ ಮೇಲೆ.

ಕೆಲವು ವರ್ಷದ ಹಿಂದೆ ಅಂಗಡಿಗೆ ಒಬ್ಬರಿಂದ "ಫೈಬರ್" ಕನೆಕ್ಷನ್ ತಗೊಂಡಿದ್ದೆ. ಫೈಬರ್ ಬಂದು ನಿಂತದ್ದು ಎದುರಿನ ಕಂಬದ ಒಂದು ಪೆಟ್ಟಿಗೆಯಲ್ಲಿ. ಅಲ್ಲಿಂದ ಅಂಗಡಿಗೆ ಎಳೆದದ್ದು ತಾಮ್ರದ ಲ್ಯಾನ್ ವಯರು. ಸ್ಪೀಡ್ ಚೆನ್ನಾಗಿಯೇ ಇತ್ತು, ಹಾಗಾಗಿ ನಾನೂ ಕೇಳಲಿಲ್ಲ. ಮಳೆಗಾಲ ಹಿಡಿಯುವ ಮೊದಲಿನ ಒಂದು ಸಿಡಿಲಿಗೆ ಆ ವಯರಿನಲ್ಲೇ ಕರೆಂಟ್ ನುಗ್ಗಿ ರೂಟರ್ ಹೋಯಿತು, ಜೊತೆಗೆ ಬಿಲ್ಲಿಂಗ್ ಕಂಪ್ಯೂಟರಿನ ಮದರ್‌ಬೋರ್ಡ್ ಕೂಡ. ಜಿಎಸ್‌ಟಿ ರಿಟರ್ನ್ ಕಟ್ಟುವ ವಾರ ಬೇರೆ. ಕೇಳಿದರೆ "ಸಿಡಿಲಿಗೆ ನಾವು ಜವಾಬ್ದಾರರಲ್ಲ" ಅಂದರು. ಅವರ ಮಾತು ತಪ್ಪಲ್ಲ, ಆದರೆ ನಿಜವಾದ ಫೈಬರ್ ಆಗಿದ್ದರೆ ಆ ದಾರಿಯಲ್ಲಿ ಕರೆಂಟ್ ಬರುತ್ತಲೇ ಇರಲಿಲ್ಲ.

ಪೂರ್ಣ ಫೈಬರ್ ಅಂದರೆ ಎಂತ?

ಆಪ್ಟಿಕಲ್ ಫೈಬರ್ ಅಂದರೆ ಗಾಜಿನ ಎಳೆ. ಹೊರಪದರ ಸೇರಿ ಅದರ ದಪ್ಪ 125 ಮೈಕ್ರಾನ್, ಹೆಚ್ಚುಕಮ್ಮಿ ಒಂದು ಕೂದಲಿನಷ್ಟು. ಬೆಳಕು ಓಡುವ ಒಳಭಾಗ ಸುಮಾರು 9 ಮೈಕ್ರಾನ್ ಮಾತ್ರ. ಬೆಳಕು ಗಾಜಿನ ಗೋಡೆಗೆ ಬಡಿದು ಹೊರಗೆ ಹೋಗದೆ ಒಳಗೇ ಪ್ರತಿಫಲಿಸುತ್ತಾ ಮುಂದೆ ಸಾಗುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲೇ ಗಾಜಿನ ಎಳೆಗಳ ಮೂಲಕ ಚಿತ್ರ ಕಳಿಸಿ ತೋರಿಸಿದ್ದರು. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ದೂರದ ಸಂಪರ್ಕಕ್ಕೂ ಇದು ಆಗ್ತದೆ ಎಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ. ಅದಕ್ಕೆ 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು.

ಹಳೇ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡಿನಲ್ಲಿ ಎಕ್ಸ್‌ಚೇಂಜಿನಿಂದ ದೂರ ಹೋದ ಹಾಗೆ ಸ್ಪೀಡ್ ಇಳಿಯುತ್ತಿತ್ತು. ಮಳೆ ಬಂದರೆ ಜಾಯಿಂಟಿಗೆ ನೀರು ಹೋಗಿ ಲೈನೇ ಸಾಯುತ್ತಿತ್ತು. ಗಾಜಿಗೆ ತುಕ್ಕಿಲ್ಲ, ಕರೆಂಟ್ ಹರಿಯುವುದಿಲ್ಲ, ಹತ್ತಿಪ್ಪತ್ತು ಕಿಲೋಮೀಟರ್ ಅದಕ್ಕೆ ದೂರವೇ ಅಲ್ಲ. ಎಕ್ಸ್‌ಚೇಂಜಿನಿಂದ ನಿಮ್ಮ ಗೋಡೆಯ ಡಬ್ಬಿಯವರೆಗೂ ಈ ಗಾಜಿನ ಎಳೆಯೇ ಬಂದರೆ ಅದು ಪೂರ್ಣ ಫೈಬರ್. ತಿಳಿಯುವುದು ಸುಲಭ. ಮನೆಯೊಳಗೆ ಬರುವ ಕೇಬಲ್ ತೆಳ್ಳಗೆ ಚಪ್ಪಟೆಯಾಗಿರುತ್ತದೆ, ತುದಿಯಲ್ಲಿ ಹೆಚ್ಚಾಗಿ ಹಸಿರು ಅಥವಾ ನೀಲಿ ಬಣ್ಣದ ಸಣ್ಣ ಚೌಕ ಪ್ಲಗ್ ಇರುತ್ತದೆ. ಅದು ಹೋಗಿ ಸೇರುವ ಪೆಟ್ಟಿಗೆಗೆ ಒಎನ್‌ಟಿ ಅಂತ ಹೆಸರು. ಹೊರಗಿನಿಂದ ಬಂದ ವಯರಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪ್ಲಗ್ ಇದ್ದರೆ, ಅಥವಾ ಟಿವಿ ಕೇಬಲಿನ ಹಾಗೆ ತಿರುಗಿಸಿ ಹಾಕುವ ಸ್ಕ್ರೂ ಇದ್ದರೆ, ಅದು ತಾಮ್ರ.

ಕೆ-ಫೋನ್

ಕೇರಳ ಸರ್ಕಾರದ ಈ ಜಾಲ ವಿದ್ಯುತ್ ಮಂಡಳಿ ಕೆಎಸ್ಇಬಿ ಮತ್ತು ಸರ್ಕಾರದ ಐಟಿ ಮೂಲಸೌಕರ್ಯ ಕಂಪನಿಯ ಜಂಟಿ ಯೋಜನೆ. 2023ರ ಜೂನ್ 5ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉದ್ಘಾಟಿಸಿದರು. ರಸ್ತೆ ಅಗೆಯುವ ಖರ್ಚು ಉಳಿಸಲು ಹೆಚ್ಚಿನ ಕಡೆ ಕೇಬಲನ್ನು ಕೆಎಸ್ಇಬಿ ಕಂಬಗಳ ಮೇಲೆಯೇ ಎಳೆದಿದ್ದಾರೆ. ಈ ಕೆಲಸಕ್ಕೆ ಬಳಸುವುದು ಲೋಹವೇ ಇಲ್ಲದ, ತನ್ನ ಭಾರ ತಾನೇ ಹೊರುವ ಕೇಬಲ್. ಒಟ್ಟು 30,000 ಕಿಲೋಮೀಟರಿನ ಜಾಲ, 30,000ದಷ್ಟು ಸರ್ಕಾರಿ ಕಚೇರಿ ಹಾಗೂ ಶಾಲೆಗಳು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂಬುದು ಗುರಿಯಾಗಿತ್ತು.

ಆದರೆ ಉಚಿತ ಅಂದ ಕೂಡಲೇ ಎಲ್ಲರಿಗೂ ಸಿಗ್ತದೆ ಎಂದುಕೊಳ್ಳಬೇಡಿ. ಮೊದಲ ಹಂತಕ್ಕೆ ಇಟ್ಟದ್ದು ಒಂದು ವಿಧಾನಸಭಾ ಕ್ಷೇತ್ರಕ್ಕೆ 100 ಮನೆ, ಅಂದರೆ 140 ಕ್ಷೇತ್ರಕ್ಕೆ 14,000. ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್, ತ್ರಿಕ್ಕರಿಪುರ ಸೇರಿ ನಮ್ಮ ಜಿಲ್ಲೆಯ ಪಾಲಿಗೆ 500 ಮನೆ. 20 ಲಕ್ಷದ ಮಾತಿಗೂ ಇದಕ್ಕೂ ಎಷ್ಟು ಅಂತರ ಉಂಟೆಂದು ನೀವೇ ಲೆಕ್ಕ ಹಾಕಿ. ಉಳಿದವರು ದುಡ್ಡು ಕೊಟ್ಟೇ ತಗೊಳ್ಳಬೇಕು. ಕಂಬದಿಂದ ಮನೆಗೆ ಎಳೆದು ಕೊಡುವುದು ಹೆಚ್ಚಾಗಿ ಸ್ಥಳೀಯ ಕೇಬಲ್ ಆಪರೇಟರ್. ಹಾಗಾಗಿ ಹೆಸರು ಸರ್ಕಾರದ್ದಾದರೂ ಸರ್ವಿಸ್ ಹೇಗಿದೆ ಎನ್ನುವುದು ನಿಮ್ಮ ಊರಿನ ಆ ಒಬ್ಬ ಆಪರೇಟರಿನ ಮೇಲೆ ನಿಂತಿರುತ್ತದೆ. ಪಕ್ಕದ ಮನೆಯವರನ್ನು ಕೇಳದೆ ಸೇರಬೇಡಿ. ತಲಪಾಡಿಯಿಂದ ಆಚೆ ಇರುವ ನೆಂಟರೂ ಕೇಳ್ತಾರೆ. ಇದನ್ನು ಕಟ್ಟಿದ್ದು ಕೇರಳಕ್ಕಾಗಿ.

ಇಂಟರ್ನೆಟ್ ಸೌಕರ್ಯವೋ ಹಕ್ಕೋ ಎಂಬ ಪ್ರಶ್ನೆ ಬಂದರೆ ಒಂದು ತೀರ್ಪು ನೆನಪಿಡಿ. ಕೋಯಿಕ್ಕೋಡಿನ ಕಾಲೇಜು ಹಾಸ್ಟೆಲಿನಲ್ಲಿ ಹುಡುಗಿಯರು ರಾತ್ರಿ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಬ್ಬ ವಿದ್ಯಾರ್ಥಿನಿ ಪ್ರಶ್ನಿಸಿದ್ದಳು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲೂ ಖಾಸಗಿತನದ ಹಕ್ಕಿನಲ್ಲೂ ಸೇರಿದೆ ಎಂದು ಹೇಳಿ ಅವಳನ್ನು ಹಾಸ್ಟೆಲಿಗೆ ಮರಳಿ ಸೇರಿಸಲು ಆದೇಶಿಸಿತು.

ಸ್ಪೀಡು ಮತ್ತು ಬಿಲ್ಲು

ಜಾಹೀರಾತಿನ ಎಂಬಿಪಿಎಸ್ ಎಂದರೆ ಮೆಗಾಬಿಟ್, ಮೆಗಾಬೈಟ್ ಅಲ್ಲ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 20 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ ಬರುವುದು 2.5 ಮೆಗಾಬೈಟ್; 1 ಜಿಬಿ ಫೈಲಿಗೆ ಹತ್ತಿರ ಹತ್ತಿರ 7 ನಿಮಿಷ. ಮಕ್ಕಳ ಆನ್‌ಲೈನ್ ಕ್ಲಾಸು, ಒಂದು ವಿಡಿಯೋ ಕಾಲು, ಒಂದು ಟಿವಿ, ಇಷ್ಟಕ್ಕೆ ಅದು ಸಾಕು. ಸರ್ಕಾರದ ಪ್ರಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಆಯಿತು. ಅಷ್ಟು ಕೊಟ್ಟು "ಬ್ರಾಡ್‌ಬ್ಯಾಂಡ್" ಅಂದರೂ ಕಾನೂನಿನಲ್ಲಿ ತಪ್ಪಿಲ್ಲ, ನೋಡಿ.

ಸಂಜೆ ಸ್ಪೀಡ್ ಬೀಳುವುದಕ್ಕೆ ಒಂದು ಕಾರಣ ಹಂಚಿಕೆ. ಜಿಪಾನ್ ಎಂಬ ಸಾಮಾನ್ಯ ತಂತ್ರದಲ್ಲಿ ಒಂದು ಫೈಬರನ್ನು ಕಂಬದ ಮೇಲಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಆ ಫೈಬರಿನ ಒಟ್ಟು ಸಾಮರ್ಥ್ಯ ಸುಮಾರು 2,500 ಎಂಬಿಪಿಎಸ್. 32 ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ 78ರಷ್ಟು, 64 ಮನೆಯಾದರೆ 39. ನಿಜದಲ್ಲಿ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ, ಹಾಗಾಗಿ ಗಾಜಿನ ಎಳೆಯಲ್ಲಿ ಇಕ್ಕಟ್ಟಾಗುವುದು ಕಮ್ಮಿ. ಆಪರೇಟರ್ ಮೇಲಿನಿಂದ ಖರೀದಿಸಿದ ಬ್ಯಾಂಡ್‌ವಿಡ್ತೇ ಸಾಲದಿದ್ದರೆ ಮಾತ್ರ ಮನೆಗೆ ಎಂತಹ ಫೈಬರ್ ಇದ್ದರೂ ರಾತ್ರಿ ಎಂಟರ ನಂತರ ಚಕ್ರ ತಿರುಗುತ್ತದೆ.

ಬಿಲ್ಲಿನಲ್ಲಿ ಎರಡು ವಿಷಯ. ಕೆ-ಫೋನ್ ಶುರುವಾದಾಗ 20 ಎಂಬಿಪಿಎಸ್ ಪ್ಲಾನಿಗೆ ತಿಂಗಳಿಗೆ 299 ರೂಪಾಯಿ ಎಂದು ಪ್ರಕಟಿಸಿದ್ದರು. ಆಗ ಕಟ್ಟಬೇಕಿದ್ದದ್ದು 6 ತಿಂಗಳಿಗೆ ಒಟ್ಟಿಗೆ, ಮೇಲೆ 18 ಶೇಕಡಾ ಜಿಎಸ್‌ಟಿ. ಹಾಗಾದರೆ 1,794ಕ್ಕೆ 323 ಸೇರಿ 2,117 ರೂಪಾಯಿ ಕೈಯಿಂದ ಹೋಗ್ತಿತ್ತು. ಯಾವ ಕಂಪನಿಯ ಪ್ಲಾನ್ ನೋಡಿದರೂ ಈ ಲೆಕ್ಕ ಮಾಡಿಯೇ ಹೋಲಿಸಿ, ರೂಟರಿನ ಡಿಪಾಸಿಟ್ ಬೇರೆ ಉಂಟಾ ಎಂದೂ ಕೇಳಿ. ಅಂಗಡಿಯವರು ಕನೆಕ್ಷನನ್ನು ವ್ಯಾಪಾರದ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಕೊಟ್ಟು ತಗೊಂಡರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದೆ ಪಡೆಯಬಹುದು. ಕಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಅದಿಲ್ಲ.

ಮನೆಯೊಳಗೆ

"ಫೈಬರ್ ಹಾಕಿಸಿದೆ, ಆದರೂ ಸ್ಲೋ" ಅನ್ನುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ವೈಫೈಯದ್ದು ಅಂತ ನನ್ನ ಅಂದಾಜು. ನಮ್ಮ ಕಡೆ ಮನೆಗಳು ಕೆಂಪುಕಲ್ಲಿನವು, ಗೋಡೆ ದಪ್ಪ, ಮೇಲೆ ಕಾಂಕ್ರೀಟ್. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ ಕೊಡ್ತದೆ, ಗೋಡೆ ದಾಟುವಾಗ ಸೋಲುತ್ತದೆ, 2.4 ದೂರ ಹೋಗ್ತದೆ, ವೇಗ ಕಮ್ಮಿ. ಇನ್‌ಸ್ಟಾಲ್ ಮಾಡುವವರು ಬಾಗಿಲ ಹತ್ತಿರದ ಕಿಟಕಿಯಲ್ಲೇ ಪೆಟ್ಟಿಗೆ ಇಟ್ಟು ಹೋಗ್ತಾರೆ, ಅವರಿಗೆ ಅದು ಸುಲಭ. ಮನೆಯ ನಡುವಿಗೆ ತರಲು ಅವತ್ತೇ ಹೇಳಿ. ಮತ್ತೆ ಕರೆದರೆ ಬರುವುದು ಕಷ್ಟ.

ಕೇಬಲನ್ನು ಮೊಳೆಗೆ ಬಿಗಿದು ಕಟ್ಟಬಾರದು, ಚೂಪಾಗಿ ಮಡಚಬಾರದು. ಮಡಚಿದ ಜಾಗದಲ್ಲಿ ಬೆಳಕು ಸೋರುತ್ತದೆ. ಕೆಲಸ ಮುಗಿಸುವ ಮೊದಲು ಅವರ ಮೀಟರಿನಲ್ಲಿ ಎಷ್ಟು ಡಿಬಿಎಂ ಬರ್ತದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಮೈನಸ್ 15ರಿಂದ 25ರ ಒಳಗೆ ಇದ್ದರೆ ಒಳ್ಳೆಯದು, ಮೈನಸ್ 27 ದಾಟಿದರೆ ಕನೆಕ್ಷನ್ ಬಂದು ಹೋಗಿ ಮಾಡ್ತದೆ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ನಮ್ಮಲ್ಲಿ ಹೆಚ್ಚಾಗಿ ಅದು ತೆಂಗಿನ ಮಡಲು ಬಿದ್ದು ತುಂಡಾದದ್ದು. ತುದಿ ಕಳಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಕೇಡು.

ಕರೆಂಟ್ ಹೋದರೆ ಒಎನ್‌ಟಿಯೂ ನಿಲ್ಲುತ್ತದೆ. ಹೆಚ್ಚಿನವು 12 ವೋಲ್ಟಿನವು, ಅದಕ್ಕೆ ಸಣ್ಣ ಯುಪಿಎಸ್ ಸಿಗ್ತದೆ. ಸಿಡಿಲಿನ ಹೊತ್ತಿಗೆ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆಯುವುದೇ ಒಳ್ಳೆಯದು. ಗಾಜಿನಲ್ಲಿ ಬರದ ಕರೆಂಟ್ ಪ್ಲಗ್‌ನಲ್ಲಿ ಬರಬಹುದು, ಮತ್ತೆ ಮನೆಗೆ ಎಳೆಯುವ ಕೆಲವು ಕೇಬಲಿನಲ್ಲಿ ಆಧಾರಕ್ಕೆ ಸ್ಟೀಲ್ ತಂತಿಯೂ ಇರ್ತದೆ. ಆ ತಂತಿಯನ್ನು ಹೊರಗೋಡೆಯಲ್ಲೇ ಕಡಿದು ನಿಲ್ಲಿಸಿ, ಬರೀ ಗಾಜಿನ ಎಳೆಯನ್ನು ಒಳಗೆ ತರಲು ಹೇಳಿ.

ಗಲ್ಫಿನಲ್ಲಿರುವವರ ಜೊತೆ ಮಾತಾಡುವುದಕ್ಕಾಗಿಯೇ ಕನೆಕ್ಷನ್ ತಗೊಳ್ಳುವ ಮನೆಗಳು ತುಂಬ. ಯುಎಇಯಲ್ಲಿ ವಾಟ್ಸಾಪ್ ಕಾಲಿಗೆ ತಡೆ ಇರುವುದು ಅಲ್ಲಿನ ನಿಯಮದಿಂದ. ಇಲ್ಲಿ 250 ಎಂಬಿಪಿಎಸ್ ಹಾಕಿಸಿದರೂ ಅದು ತೆರೆಯುವುದಿಲ್ಲ, ಅಲ್ಲಿ ಅನುಮತಿ ಇರುವ ಆ್ಯಪನ್ನೇ ಬಳಸಬೇಕು. ಪ್ಲಾನ್ ಆರಿಸುವಾಗ ಅಪ್‌ಲೋಡ್ ಸ್ಪೀಡ್ ಕೇಳಿ. ಅಲ್ಲಿ ಕೂತವರಿಗೆ ಉಮ್ಮನ ಮುಖ ಸರಿ ಕಾಣುವುದು ಅದರಿಂದ.

ಇನ್ನು ಭಾಷೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು. ಉಚಿತ ಕನೆಕ್ಷನಿನ ಪಟ್ಟಿಯ ಬಗ್ಗೆ ಪಂಚಾಯತ್‌ಗೆ ಬರೆಯುವಾಗ ಮಲಯಾಳಂ ಬಾರದು ಎಂದು ಹಿಂಜರಿಯಬೇಡಿ. ಆಪರೇಟರ್ ಕೊಡುವ ಫಾರ್ಮು ಮಲಯಾಳಂ ಅಥವಾ ಇಂಗ್ಲಿಷಿನಲ್ಲಿದ್ದರೆ, ಓದಲು ಬರುವ ಹುಡುಗರನ್ನು ಹತ್ತಿರ ಕೂರಿಸಿಕೊಂಡೇ ಸಹಿ ಹಾಕಿ. "ಮನೆಯೊಳಗೆ ಬರುವುದು ಫೈಬರೇ" ಎಂಬ ಒಂದು ಸಾಲನ್ನೂ ಅದರಲ್ಲಿ ಅವರ ಕೈಯಲ್ಲೇ ಬರೆಸಿ.