ಭಟ್ಟಿಯ ಎರಡನೆಯ ಪಾತ್ರೆ

ಮನೆಭಟ್ಟಿಯಲ್ಲಿ ಕುದಿಯುವ ಹಂಡೆಗೂ ತಣಿಸುವ ಕೊಳವೆಗೂ ನಡುವೆ ಇರಿಸುವ ಎರಡನೆಯ ಪಾತ್ರೆಗೆ, ಅದರ ದಬದಬ ಸದ್ದಿನಿಂದಾಗಿ, ಪಾಶ್ಚಾತ್ಯರಲ್ಲಿ ‘ಥಂಪರ್’ ಎಂಬ ಹೆಸರಿದೆ. ಹಂಡೆಯ ಆವಿ ಅದರೊಳಗಿನ ದ್ರವದಲ್ಲಿ ಹಾಯ್ದು, ತನ್ನ ಬಿಸಿಯಿಂದಲೇ ಅದನ್ನು ಕುದಿಸುತ್ತದೆ; ಎರಡನೆಯ ಬೆಂಕಿ ಬೇಕಾಗುವುದಿಲ್ಲ.

ಭಾರತದಲ್ಲಿ ಇದೇ ಫಲವನ್ನು ಎರಡು ಸಲ ಬೆಂಕಿ ಹೂಡಿ ಪಡೆಯುತ್ತಿದ್ದರು. ಹದಿನಾರನೆಯ ಶತಮಾನದ ‘ಐನ್-ಇ-ಅಕ್ಬರಿ’ ಎರಡು ಬಾರಿ ಇಳಿಸಿದ ಕಬ್ಬಿನ ಮದ್ಯವನ್ನು ‘ದುಆತಶಾ’ ಎಂದು, ಅಂದರೆ ಎರಡು ಬೆಂಕಿಯದೆಂದು, ಕರೆದಿದೆ. ಬೆಲ್ಲದ ಕೊಳೆಗೆ ಬಿಳಿಜಾಲಿಯ ತೊಗಟೆ ಸೇರಿಸುವ ದಖ್ಖನಿನ ಒಣನಾಡಿನಲ್ಲಿ ಸೌದೆಯೂ ವಿರಳ.

ಘೋಣಸಗಿಯಿರುವ ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿಯ 1878ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದ ಭಟ್ಟಿ ಅಪರಾಧವಾಯಿತು. 1949ರ ಪಾನನಿಷೇಧ ಕಾಯ್ದೆ ಬಿಗಿಯನ್ನು ಹೆಚ್ಚಿಸಿತು. ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿಯನ್ನೇ ನಿಷೇಧಿಸಿತು. ಮರೆಯ ಭಟ್ಟಿಗೆ ಹೊಗೆಯೇ ಸಾಕ್ಷಿಯಾದುದರಿಂದ, ಒಂದು ಬೆಂಕಿಯ ಉಳಿತಾಯವೆಂದರೆ ಸೌದೆಯ ಉಳಿತಾಯವಷ್ಟೇ ಅಲ್ಲ.

ಆದರೆ ಈ ಪಾತ್ರೆಯ ಶಕ್ತಿಗೆ ಮಿತಿಯುಂಟು. ಬೆಂಗಳೂರಿನಲ್ಲಿ 1981ರಲ್ಲಿ ಮುನ್ನೂರಕ್ಕೂ ಹೆಚ್ಚು, ಕರ್ನಾಟಕ-ತಮಿಳುನಾಡುಗಳಲ್ಲಿ 2008ರಲ್ಲಿ ನೂರೈವತ್ತರಷ್ಟು ಜನರನ್ನು ಕೊಂದುದು ಮೆಥನಾಲ್ ಬೆರೆತ ಕಳ್ಳಸಾರಾಯಿ. ಎರಡನೆಯ ಪಾತ್ರೆ ಕಸುವನ್ನು ಹೆಚ್ಚಿಸೀತು, ಆ ವಿಷವನ್ನು ತೆಗೆಯಲಾರದು. ಈ ಜನಪದ ತಂತ್ರದ ಚರಿತ್ರೆಯನ್ನು ಬರೆಯುವವರು ಅದರ ಜಾಣ್ಮೆಯೊಂದಿಗೆ ಈ ಸಾವುಗಳನ್ನೂ ದಾಖಲಿಸಬೇಕಾಗುತ್ತದೆ.